ಹೆರಿಗೆಯಾದ ಮೇಲೆ ಕೇಳಿದ ಪ್ರಶ್ನೆಗಳನ್ನು ಮೊದಲೇ ಕೇಳಿ: ಒಂದು ಬಹಿರಂಗ ಪತ್ರ

ಗೆ,
ಹೆರಿಗೆ ವಿಭಾಗಗಳ ಮುಖ್ಯಸ್ಥರಿಗೆ,
ಹಾಗೂ ಗರ್ಭಿಣಿಯರ ತಪಾಸಣೆಗೆ ನಿಯಮ ರೂಪಿಸುವ ಆರೋಗ್ಯಾಧಿಕಾರಿಗಳಿಗೆ.

ವಿಷಯ: ದಿನ ತುಂಬುವ ಮುಂಚೆ ಆಗುವ ಹೆರಿಗೆಯ ಕಾರಣಗಳನ್ನು ತಪಾಸಣೆಯ ಮೊದಲ ದಿನವೇ ವಿಚಾರಿಸಬೇಕೆಂಬ ಕೋರಿಕೆ.

ಮಾನ್ಯರೇ,

ನನ್ನ ಎರಡನೆಯ ಮಗಳು ಹುಟ್ಟಿದಾಗ ನನಗೆ 30 ವಾರ 4 ದಿನ ಆಗಿತ್ತು. ಮಗುವಿನ ತೂಕ 1,380 ಗ್ರಾಂ. ಮರುದಿನ ಬೆಳಿಗ್ಗೆ ಮಗು ಮೇಲಿನ ಮಹಡಿಯಲ್ಲೆಲ್ಲೋ ಗಾಜಿನ ಪೆಟ್ಟಿಗೆಯೊಳಗೆ, ನಾನು ಕೆಳಗಿನ ವಾರ್ಡಿನಲ್ಲಿ. ಒಬ್ಬ ಕಿರಿಯ ವೈದ್ಯೆ ಬಂದು ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂತರು. ರಾತ್ರಿಯಿಡೀ ನಿದ್ದೆಗೆಟ್ಟ ಕಣ್ಣು, ಕೈಯಲ್ಲಿ ಒಂದು ಫಾರಂ. ತುಂಬ ಮೆತ್ತಗೆ ಕೇಳಿದರು: "ಇದಕ್ಕೆ ಮುಂಚಿನ ಹೆರಿಗೆ ಎಷ್ಟನೇ ವಾರಕ್ಕೆ ಆಗಿತ್ತು? ಅದಾದ ಎಷ್ಟು ತಿಂಗಳಿಗೆ ಮತ್ತೆ ಗರ್ಭ ನಿಂತಿತು? ನಿಮ್ಮ ಅಮ್ಮನಿಗೋ ಅಕ್ಕತಂಗಿಯರಿಗೋ ಹೀಗೆ ಬೇಗ ಆಗಿತ್ತಾ? ಗರ್ಭಕೋಶದ ಬಾಯಿಗೆ ಯಾವಾಗಲಾದರೂ ಆಪರೇಷನ್ ಆಗಿತ್ತಾ? ಉರಿಮೂತ್ರ ಇತ್ತಾ? ಏನು ಕೆಲಸ ಮಾಡ್ತೀರಿ, ನಿಂತು ಮಾಡೋದಾ ಕೂತು ಮಾಡೋದಾ?"

ಒಂದೊಂದಕ್ಕೂ ಉತ್ತರ ಹೇಳುತ್ತಾ ಹೋದೆ. ಏಳನೆಯದೋ ಎಂಟನೆಯದೋ ಪ್ರಶ್ನೆಯ ಹೊತ್ತಿಗೆ ನನ್ನ ಗಂಟಲು ಕಟ್ಟಿತು. ಆ ವೈದ್ಯೆ ಮಗುವಿನ ಸಂಕಟ ಇರಬೇಕು ಅಂದುಕೊಂಡು ಕೈ ಹಿಡಿದರು. ಅದೂ ಇತ್ತು. ಆದರೆ ಆ ಗಳಿಗೆಯಲ್ಲಿ ನನಗೆ ಹೊಳೆದದ್ದು ಬೇರೆ. ಈ ಪ್ರಶ್ನೆಗಳಲ್ಲಿ ಒಂದನ್ನೂ ಹಿಂದಿನ ಏಳು ತಿಂಗಳಲ್ಲಿ ಯಾರೂ ನನ್ನನ್ನು ಕೇಳಿರಲಿಲ್ಲ.

ತಪಾಸಣೆಗೆ ನಾನು ತಪ್ಪಿಸಿಕೊಂಡವಳಲ್ಲ. ಹೆರಿಗೆಗೆ ಮುಂಚೆ ಗರ್ಭಿಣಿಗೆ ಕನಿಷ್ಠ 8 ಭೇಟಿಗಳಾಗಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಹೇಳಿತು. ಆ ಲೆಕ್ಕದಲ್ಲಿ 30ನೇ ವಾರದ ಹೊತ್ತಿಗೆ ಆಗಬೇಕಾದಷ್ಟು ಭೇಟಿ ನನಗೆ ಆಗಿದ್ದವು. ಪ್ರತಿ ಸಲವೂ ತೂಕ ನೋಡಿದರು, ಬಿಪಿ ನೋಡಿದರು, ಹೊಟ್ಟೆ ಮುಟ್ಟಿದರು, ಮಾತ್ರೆ ಬರೆದರು, ಮುಂದಿನವರನ್ನು ಕರೆದರು. ನನ್ನ ದೂರು ಭೇಟಿಗಳ ಎಣಿಕೆಯ ಬಗ್ಗೆ ಅಲ್ಲ. ಆ ಭೇಟಿಗಳಲ್ಲಿ ಬಾಯಿ ಬಿಟ್ಟು ಏನು ಕೇಳಿದರು ಎಂಬುದರ ಬಗ್ಗೆ.

ನನ್ನ ತಪಾಸಣೆಯ ಪುಸ್ತಕ ಈಗಲೂ ನನ್ನ ಬಳಿ ಇದೆ. ಅದರ ಎರಡನೇ ಪುಟದಲ್ಲಿ "ಹಿಂದಿನ ಹೆರಿಗೆ" ಎಂಬ ಕಲಂ. ಹೆಬ್ಬೆರಳಿನಷ್ಟು ಅಗಲದ ಆ ಚೌಕದೊಳಗೆ ನೀಲಿ ಶಾಯಿಯಲ್ಲಿ ಒಂದೇ ಪದ: "ನಾರ್ಮಲ್". ಬರೆದವರದು ಸುಳ್ಳಲ್ಲ. ಮೊದಲ ಮಗು ಸಿಸೇರಿಯನ್ ಇಲ್ಲದೆ ಹುಟ್ಟಿತ್ತು. ಆದರೆ ಹುಟ್ಟಿದ್ದು 35 ವಾರಕ್ಕೆ. ಆಗ ಎಲ್ಲರೂ "ಸ್ವಲ್ಪ ಬೇಗ ಬಂತು, ಪರವಾಗಿಲ್ಲ" ಎಂದು ನಕ್ಕು ಸುಮ್ಮನಾಗಿದ್ದರು. ಮಗು ಹೇಗೆ ಹೊರಬಂತು ಎಂದು ಬರೆಯಲು ಜಾಗ ಇತ್ತು, ಯಾವಾಗ ಬಂತು ಎಂದು ಬರೆಯಲು ಇರಲಿಲ್ಲ. ಒಮ್ಮೆ ಅವಧಿಗೆ ಮುಂಚೆ ಹೆತ್ತವಳಿಗೆ ಮತ್ತೆ ಹಾಗಾಗುವ ಸಂಭವ ಉಳಿದವರಿಗಿಂತ ಒಂದೂವರೆಯಿಂದ ಎರಡು ಪಟ್ಟು ಹೆಚ್ಚು, ಮೊದಲನೆಯದು ಎಷ್ಟು ಬೇಗ ಆಗಿತ್ತೋ ಎರಡನೆಯದರ ಅಪಾಯ ಅಷ್ಟು ಜಾಸ್ತಿ ಎಂದು ನವಜಾತ ಶಿಶುಗಳ ತೀವ್ರ ನಿಗಾ ಘಟಕವಾದ ಎನ್‌ಐಸಿಯುವಿನ ಹೊರಗಿನ ಬೆಂಚಿನ ಮೇಲೆ ಕೂತು ಓದಿ ತಿಳಿದುಕೊಂಡೆ. ಅಲ್ಲಿ ನನಗೆ ಓದಲು ಸಮಯವೇ ಸಮಯ, 41 ದಿನ.

ನಿಮಗೆ ಗೊತ್ತಿಲ್ಲದ್ದನ್ನು ನಾನು ಹೇಳುತ್ತಿಲ್ಲ. ಈ ಪತ್ರವನ್ನು ನನ್ನಂಥ ಗರ್ಭಿಣಿಯರೂ ಓದಬಹುದು, ಅವರ ಸಲುವಾಗಿ ನಾಲ್ಕು ಮಾತು ಬಿಡಿಸಿ ಬರೆಯುತ್ತೇನೆ. 37 ವಾರ ತುಂಬುವ ಮುಂಚೆ ಹುಟ್ಟಿದ್ದೆಲ್ಲ ಅವಧಿಪೂರ್ವ ಹೆರಿಗೆಯೇ. 32ರಿಂದ 37ರ ನಡುವಿನವು ಒಂದು ಬಗೆ, 28ರಿಂದ 32ರ ನಡುವಿನವು ಅದಕ್ಕಿಂತ ಕಷ್ಟದವು, 28ಕ್ಕೂ ಮುಂಚಿನವು ತೀರಾ ಎಳೆಯವು. 2020ರಲ್ಲಿ ಜಗತ್ತಿನಲ್ಲಿ ಸುಮಾರು 1 ಕೋಟಿ 34 ಲಕ್ಷ ಮಕ್ಕಳು ಹೀಗೆ ಹುಟ್ಟಿದರೆಂದು ಅಂದಾಜು. ಹತ್ತರಲ್ಲಿ ಒಂದು ಮಗು ಎಂದಾಯಿತು. ನನ್ನನ್ನು ತಡೆದು ನಿಲ್ಲಿಸಿದ ಅಂಕಿ ಇನ್ನೊಂದು. 2010ರಲ್ಲಿ ನೂರಕ್ಕೆ 9.8 ಇದ್ದದ್ದು 2020ರಲ್ಲಿ 9.9. ಹತ್ತು ವರ್ಷದಲ್ಲಿ ಕೂದಲೆಳೆಯಷ್ಟೂ ಇಳಿದಿಲ್ಲ.

ಹುಟ್ಟಿದ ಮೇಲಿನ ವಿದ್ಯೆ ಹಾಗೆ ನಿಂತಲ್ಲೇ ನಿಂತಿಲ್ಲ. 1963ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯವರ ಮಗು ಐದೂವರೆ ವಾರ ಮುಂಚೆ ಹುಟ್ಟಿ, ಶ್ವಾಸಕೋಶ ಬಲಿಯದೆ 39 ಗಂಟೆಯಲ್ಲಿ ತೀರಿಕೊಂಡಿತು. ಅಧ್ಯಕ್ಷನ ಮಗುವಿಗೂ ಆಗ ಕೊಡಲು ಏನೂ ಇರಲಿಲ್ಲ. ಇವತ್ತು ಅಷ್ಟು ವಾರದ ಮಗು ಹುಟ್ಟಿದರೆ ನಿಮ್ಮ ಸಿಸ್ಟರ್‌ಗಳು ಗಾಬರಿಯೂ ಬೀಳುವುದಿಲ್ಲ. 1972ರಲ್ಲಿ ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ ಎಂಬ ಇಬ್ಬರು ವೈದ್ಯರು ಹೆರಿಗೆಗೆ ಮುಂಚೆ ತಾಯಿಗೆ ಸ್ಟಿರಾಯ್ಡ್ ಚುಚ್ಚಿದರೆ ಮಗುವಿನ ಶ್ವಾಸಕೋಶ ಬೇಗ ಬಲಿಯುತ್ತದೆ ಎಂದು ತೋರಿಸಿದರು. ಎಳೆಯ ಶ್ವಾಸಕೋಶ ಮುದುಡದಂತೆ ನೋಡಿಕೊಳ್ಳುವ ಕೃತಕ ಸರ್ಫ್ಯಾಕ್ಟಂಟ್ ಬಂತು, ಮಗುವನ್ನು ಎದೆಗೆ ಅವಚಿ ಇಟ್ಟುಕೊಳ್ಳುವ ಕಾಂಗರೂ ಆರೈಕೆ ಬಂತು. ನನ್ನ ಮಗಳು ಬದುಕಿದ್ದು ಇವುಗಳಿಂದಲೇ, ಆ ಋಣ ನನ್ನ ಮೇಲಿದೆ. ಆದರೂ ಕೇಳಲೇಬೇಕು: ಪೆಟ್ಟಿಗೆಯೊಳಗಿನ ಮಗುವಿಗೆ ಇಷ್ಟೆಲ್ಲ ಜಾಣ್ಮೆ ಸುರಿಯುವ ನಾವು, ಅದು ಪೆಟ್ಟಿಗೆಗೆ ಬರದಂತೆ ನೋಡಿಕೊಳ್ಳುವಲ್ಲಿ ಇಷ್ಟೇಕೆ ಜಿಪುಣರು?

ನೀವು ಹೇಳುವ ಉತ್ತರ ನನಗೆ ಗೊತ್ತು. "ಅರ್ಧಕ್ಕರ್ಧ ಕೇಸುಗಳಲ್ಲಿ ಕಾರಣವೇ ಸಿಗುವುದಿಲ್ಲಮ್ಮ." ನನ್ನ ಡಿಸ್ಚಾರ್ಜ್ ಚೀಟಿಯಲ್ಲೂ "ಕಾರಣ" ಎಂಬುದರ ಮುಂದೆ "ತಿಳಿದಿಲ್ಲ" ಎಂದೇ ಇದೆ. ಆ ಮಾತು ನಿಜ, ಅದನ್ನು ಒಪ್ಪುತ್ತೇನೆ. ಅಪಾಯದ ಸೂಚನೆ ಬೇರೆ, ಕಾರಣ ಬೇರೆ ಎಂಬುದೂ ಅರ್ಥವಾಗಿದೆ. ವಸಡಿನ ರೋಗ ಇರುವವರಲ್ಲಿ ಅವಧಿಪೂರ್ವ ಹೆರಿಗೆ ಹೆಚ್ಚು ಕಂಡಿದೆ, ಆದರೆ ಗರ್ಭಿಣಿಯ ವಸಡಿಗೆ ಚಿಕಿತ್ಸೆ ಕೊಟ್ಟರೆ ಅದು ತಗ್ಗಿದ್ದು ಪರೀಕ್ಷೆಗಳಲ್ಲಿ ಕಂಡಿಲ್ಲ. ಸೂಚನೆಗಳೆಲ್ಲ ಇದ್ದರೂ ದಿನ ತುಂಬಿ ಹೆರುವವರಿದ್ದಾರೆ, ಒಂದೂ ಇಲ್ಲದೆ 28 ವಾರಕ್ಕೆ ಹೆತ್ತವಳು ನನ್ನ ಪಕ್ಕದ ಮಂಚದಲ್ಲೇ ಇದ್ದಳು. ಹಾಗಾದರೆ ನನ್ನ ಜಗಳ ಎಲ್ಲಿ? "ತಿಳಿದಿಲ್ಲ" ಎಂದು ಬರೆಯಬೇಕಾದವರು ವಿಚಾರಿಸಿ ನೋಡಿದವರು. ವಿಚಾರಿಸದೆ ಬರೆದರೆ ಆ ಪದಕ್ಕೆ ಬೇರೆ ಅರ್ಥ ಬರುತ್ತದೆ.

ಜೊತೆಗೆ, ನೀವು ಖಾಲಿ ಬಿಟ್ಟ ಜಾಗ ಖಾಲಿ ಉಳಿಯುವುದಿಲ್ಲ. ಮನೆಯವರು ಅದನ್ನು ತುಂಬುತ್ತಾರೆ. ನಾನು ವಾರ್ಡಿನಲ್ಲಿದ್ದ ಮೊದಲ ವಾರದಲ್ಲೇ ನನ್ನ ಮಗು ಬೇಗ ಹುಟ್ಟಿದ್ದಕ್ಕೆ ಐದು ಕಾರಣ ಸಿಕ್ಕಿದ್ದವು. ನೀರಿನ ಬಕೆಟ್ ಎತ್ತಿದ್ದು, ಮೆಟ್ಟಿಲು ಹತ್ತಿದ್ದು, ಬಸ್ಸಿನಲ್ಲಿ ಹೋದದ್ದು, ಕೈ ಮೇಲೆತ್ತಿ ಬಟ್ಟೆ ಒಣಹಾಕಿದ್ದು, ಸಣ್ಣ ಸಣ್ಣದಕ್ಕೂ ಕೊರಗಿದ್ದು. ನನ್ನತ್ತೆ ಕೆಟ್ಟವರಲ್ಲ. ಅವರೂ ಮಗುವಿಗಾಗಿ ಅತ್ತವರೇ. ಆದರೆ ಬಂದವರಿಗೆಲ್ಲ "ಹೇಳಿದ್ರೆ ಕೇಳ್ಬೇಕಲ್ಲ, ಓಡಾಡ್ಬೇಡ ಅಂದಿದ್ದೆ" ಎಂದೇ ಹೇಳುತ್ತಿದ್ದರು. ಒಬ್ಬ ವೈದ್ಯರಾದರೂ ಅವರನ್ನು ಕೂರಿಸಿಕೊಂಡು "ಅಮ್ಮಾ, ಬಕೆಟ್ ಎತ್ತಿದ್ದಕ್ಕೆ ಹೀಗಾಗಲಿಲ್ಲ" ಎಂದು ಎರಡು ನಿಮಿಷ ಹೇಳಿದ್ದರೆ ಆ 41 ದಿನಗಳು ನನಗೆ ಬೇರೆಯೇ ಆಗಿರುತ್ತಿದ್ದವು.

ಈಗ ಆ ಫಾರಂಗೆ ಬರೋಣ. ಎರಡನೇ ಪ್ರಶ್ನೆ, ಹೆರಿಗೆಗಳ ನಡುವಿನ ಅಂತರ. ನನ್ನ ಮೊದಲ ಮಗುವಿಗೆ ಐದು ತಿಂಗಳಾಗಿದ್ದಾಗ ಎರಡನೆಯದು ನಿಂತಿತ್ತು. ಹೆರಿಗೆಯಾಗಿ ಆರು ತಿಂಗಳೊಳಗೆ ಮತ್ತೆ ಗರ್ಭ ನಿಂತರೆ ಅವಧಿಪೂರ್ವ ಹೆರಿಗೆಯ ಸಂಭವ ಏರುತ್ತದೆ ಎಂಬುದು ಪುಸ್ತಕದಲ್ಲಿದೆ. ಎರಡು ವರ್ಷವಾದರೂ ಬಿಡಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮೊದಲ ಬಾಣಂತನದಲ್ಲಿ ಲಸಿಕೆಗೆ ಮಗುವನ್ನು ಎತ್ತಿಕೊಂಡು ಮೂರು ಸಲ ನಿಮ್ಮ ಬಾಗಿಲಿಗೇ ಬಂದಿದ್ದೆ. ಮಗುವಿನ ತೂಕ ಬರೆದುಕೊಂಡರು. ಮುಂದಿನ ಗರ್ಭ ತಡೆಯುವುದು ಹೇಗೆಂದು ಯಾರೂ ತಾಯಿಯನ್ನು ಮಾತನಾಡಿಸಲಿಲ್ಲ. ಎರಡನೆಯ ಹೆರಿಗೆ ತಡೆಯಬೇಕಾದದ್ದು ಅಲ್ಲಿ, ಆ ಲಸಿಕೆಯ ಸಾಲಿನಲ್ಲಿ.

ಉರಿಮೂತ್ರದ ಪ್ರಶ್ನೆ. ಉರಿ ಇರಲಿಲ್ಲ ಎಂದೆ. ಉರಿಯಿಲ್ಲದೆಯೂ ಮೂತ್ರದಲ್ಲಿ ಸೋಂಕು ಇರಬಹುದು, ಅದು ಕಲ್ಚರ್ (ಮೂತ್ರದಲ್ಲಿನ ಸೂಕ್ಷ್ಮಾಣುಗಳನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ) ಮಾಡಿದರಷ್ಟೇ ಗೊತ್ತಾಗುತ್ತದೆ, ಗರ್ಭಿಣಿಯಲ್ಲಿ ಅದನ್ನು ಕಂಡರೆ ಏಳು ದಿನದ ಆಂಟಿಬಯಾಟಿಕ್ ಕೊಡಬೇಕು ಎಂದು ಆಮೇಲೆ ತಿಳಿಯಿತು. ನನಗೆ ಕಲ್ಚರ್ ಮಾಡಿಸಿರಲಿಲ್ಲ. ಸೋಂಕು ಯಾಕೆ ಇಷ್ಟು ಮುಖ್ಯ ಎಂದು ಎನ್‌ಐಸಿಯುವಿನ ಹಿರಿಯ ಸಿಸ್ಟರ್ ಒಬ್ಬರು ಬಿಡಿಸಿ ಹೇಳಿದರು. ಯೋನಿಯಲ್ಲಿನ ಕೆಟ್ಟ ಸೂಕ್ಷ್ಮಾಣುಗಳು ಮೇಲೇರಿ ನೀರಿನ ಚೀಲದ ಪೊರೆಯನ್ನು ಮುಟ್ಟುತ್ತವೆ. ಅಲ್ಲಿ ಉರಿಯೂತ ಶುರುವಾದರೆ ದೇಹ ಪ್ರೋಸ್ಟಾಗ್ಲಾಂಡಿನ್ ಎಂಬ ರಾಸಾಯನಿಕವನ್ನು ಹೊರಬಿಡುತ್ತದೆ. ದಿನ ತುಂಬಿದಾಗ ಗರ್ಭಕೋಶದ ಬಾಯಿಯನ್ನು ಮೆತ್ತಗೆ ಮಾಡಿ ನೋವು ಬರಿಸುವುದೂ ಅದೇ. ಪೊರೆ ಬಲ ಕಳೆದುಕೊಳ್ಳುತ್ತದೆ, ಒಂದು ದಿನ ಸೋರುತ್ತದೆ.

ಆ ಸೋರಿದ ದಿನವೇ ನನ್ನ ದೂರಿನ ತಿರುಳು, ಸ್ವಲ್ಪ ನಿಧಾನವಾಗಿ ಹೇಳಲು ಬಿಡಿ.

ಒಂದು ಸೋಮವಾರ ಕೆಲಸದ ಜಾಗದಲ್ಲಿ ಸಣ್ಣಗೆ ಒದ್ದೆಯಾದಂತಾಯಿತು. ನನ್ನದು ದಿನಕ್ಕೆ ಒಂಬತ್ತು ಗಂಟೆ ನಿಂತೇ ಮಾಡುವ ಕೆಲಸ. ಸಿನಿಮಾದಲ್ಲಿ ತೋರಿಸುವಂತೆ ನೀರು ಬಳಬಳನೆ ಹರಿಯಲಿಲ್ಲ. ಕೆಮ್ಮಿದಾಗ ಒಂದಿಷ್ಟು, ಎದ್ದು ನಿಂತಾಗ ಒಂದಿಷ್ಟು. ಹೊಟ್ಟೆ ದೊಡ್ಡದಾದಾಗ ಮೂತ್ರ ತಡೆಯುವುದಿಲ್ಲ ಎಂದು ಕೇಳಿದ್ದೆ, ಅದೇ ಇರಬೇಕು ಅಂದುಕೊಂಡೆ. ಎರಡು ದಿನದಿಂದ ಸೊಂಟದ ಕೆಳಗೆ ಮಂದ ನೋವೂ ಇತ್ತು, ಬಂದು ಹೋಗಿ ಮಾಡುತ್ತಿತ್ತು. ನಿಂತೂ ನಿಂತೂ ಬಂದದ್ದು ಎಂದು ಅದನ್ನೂ ಬಿಟ್ಟೆ. ನನ್ನ ಮುಂದಿನ ತಪಾಸಣೆ ಬುಧವಾರ ಇತ್ತು. ಸುಮ್ಮನೆ ರಜೆ ಹಾಕುವುದೇಕೆ, ಬುಧವಾರ ಹೇಗೂ ಹೋಗುತ್ತೇನಲ್ಲ ಎಂದು ಪ್ಯಾಡ್ ಇಟ್ಟುಕೊಂಡು ಎರಡು ದಿನ ಕೆಲಸ ಮಾಡಿದೆ.

ಬುಧವಾರ ಪರೀಕ್ಷಿಸಿದ ವೈದ್ಯರು ನನ್ನ ಮುಖವನ್ನೇ ನೋಡಿದರು. "ಯಾವಾಗಿಂದ ನೀರು ಹೋಗ್ತಿದೆ?" ಸೋಮವಾರದಿಂದ ಎಂದೆ. "ಎರಡು ದಿನ ಸುಮ್ಮನೆ ಇದ್ರಾ?" ಎಂದರು. ಆ ಒಂದು ಪ್ರಶ್ನೆ ಇವತ್ತಿಗೂ ನನ್ನೊಳಗೆ ಚುಚ್ಚುತ್ತದೆ. ಯಾಕೆಂದರೆ ಅದಕ್ಕೆ ನನ್ನ ಬಳಿ ಒಳ್ಳೆಯ ಉತ್ತರ ಇತ್ತು, ಆಗ ಹೇಳಲು ಬಾಯಿ ಬರಲಿಲ್ಲ. ಉತ್ತರ ಇದು: ಹನಿಹನಿಯಾಗಿ ಒದ್ದೆಯಾದರೂ ಅದು ನೀರಿನ ಚೀಲದ ನೀರಾಗಿರಬಹುದು, ಒಂದು ಗಂಟೆಯೂ ಕಾಯದೆ ಬನ್ನಿ ಎಂದು ನೀವು ಒಬ್ಬರೂ ನನಗೆ ಹೇಳಿರಲಿಲ್ಲ ಸ್ವಾಮಿ.

ಅವತ್ತು ಸಂಜೆ ಸ್ಟಿರಾಯ್ಡಿನ ಮೊದಲ ಚುಚ್ಚುಮದ್ದು ಕೊಟ್ಟರು. ಎರಡನೆಯದನ್ನು 24 ಗಂಟೆ ಬಿಟ್ಟು ಕೊಡಬೇಕಿತ್ತು. ಮಗು ಹನ್ನೊಂದು ಗಂಟೆಯಲ್ಲೇ ಹುಟ್ಟಿಬಿಟ್ಟಿತು. ಆ ಔಷಧದ ಪೂರ್ತಿ ಫಲ ಸಿಗುವುದು ಮೊದಲ ಚುಚ್ಚುಮದ್ದಿನ ಒಂದು ದಿನದಿಂದ ಒಂದು ವಾರದ ನಡುವೆ ಹೆರಿಗೆಯಾದರೆ. ಸೋಮವಾರ ಮಧ್ಯಾಹ್ನವೇ ಬಂದಿದ್ದರೆ ಎರಡೂ ಬೀಳುತ್ತಿದ್ದವು, ಸೋಂಕು ತಡೆಯುವ ಆಂಟಿಬಯಾಟಿಕ್ಕೂ ಎರಡು ದಿನ ಮುಂಚೆ ಒಳಗೆ ಹೋಗಿರುತ್ತಿತ್ತು. ಹೆರಿಗೆಯೇ ನಿಲ್ಲುತ್ತಿತ್ತು ಎಂದು ನಾನು ಹೇಳುವುದಿಲ್ಲ. ಒಮ್ಮೆ ಪೊರೆ ಹರಿದ ಮೇಲೆ ಬಹಳ ಮಂದಿಗೆ ಒಂದು ವಾರದೊಳಗೆ ಹೆರಿಗೆ ಆಗಿಯೇ ಆಗುತ್ತದಂತೆ. ಆದರೆ ನನ್ನ ಮಗಳು ಉಸಿರಾಟದ ಯಂತ್ರದ ಮೇಲೆ ಕಳೆದ ಒಂಬತ್ತು ದಿನಗಳಲ್ಲಿ ಕೆಲವಾದರೂ ಉಳಿಯುತ್ತಿದ್ದವೋ ಏನೋ.

ಮಾಸನ್ನು ಪರೀಕ್ಷೆಗೆ ಕಳಿಸಿದಿರಾ ಎಂದು ಮೂರನೇ ದಿನ ಕೇಳಿದೆ. ಪೊರೆಯಲ್ಲಿ ಸೋಂಕಿತ್ತೋ ಇಲ್ಲವೋ ಎಂಬುದು ಸೂಕ್ಷ್ಮದರ್ಶಕದಡಿ ಕಾಣುತ್ತದೆ ಎಂದು ಅಷ್ಟರಲ್ಲಿ ಓದಿದ್ದೆ. ಅದು ಮೊದಲ ದಿನವೇ ಕಸಕ್ಕೆ ಹೋಗಿಯಾಗಿತ್ತು. ಕಾರಣ ಹೇಳಬಹುದಾಗಿದ್ದ ಸಾಕ್ಷಿ ಕಸದ ಚೀಲಕ್ಕೆ, "ಕಾರಣ ತಿಳಿದಿಲ್ಲ" ಎಂಬ ಚೀಟಿ ನನ್ನ ಕೈಗೆ.

ಮಾನ್ಯರೇ, ಅವಧಿಪೂರ್ವ ಹೆರಿಗೆ ಎಂಬುದು ಒಂದೇ ರೋಗವಲ್ಲ, ಮೂರು ದಾರಿಯಿಂದ ಬಂದು ಒಂದೇ ಬಾಗಿಲಲ್ಲಿ ನಿಲ್ಲುವ ಸಂಕಟ ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ. ಕೆಲವರಿಗೆ ನೋವು ತಾನಾಗಿ ಬರುತ್ತದೆ, ಕೆಲವರಿಗೆ ನನ್ನ ಹಾಗೆ ನೀರು ಮೊದಲು ಹೋಗುತ್ತದೆ. ಉಳಿದವರಲ್ಲಿ, ಹೆಚ್ಚುಕಡಿಮೆ ಮೂರರಲ್ಲಿ ಒಂದು ಭಾಗ, ತಾಯಿಯನ್ನೋ ಮಗುವನ್ನೋ ಉಳಿಸಲು ವೈದ್ಯರೇ ಬೇಗ ಹೆರಿಗೆ ಮಾಡಿಸಬೇಕಾಗುತ್ತದೆ. ಬಿಪಿ ಕೈಮೀರಿ ಏರಿದಾಗ, ಮಾಸು ಬಿಟ್ಟುಕೊಂಡು ರಕ್ತ ಹೋಗುವಾಗ, ಮಗು ಬೆಳೆಯುವುದು ನಿಂತಾಗ. ಇವರ ವಿಷಯದಲ್ಲಿ ಕಾರಣ ತಿಳಿದೇ ಇರುತ್ತದೆ. ಹಿಂದಿನ ಸಲ ಬಿಪಿ ಏರಿದ್ದವಳಿಗೆ, ಮುಂಚಿನಿಂದ ಬಿಪಿ, ಶುಗರ್, ಕಿಡ್ನಿ ತೊಂದರೆ ಇರುವವಳಿಗೆ ಮೊದಲ ತಿಂಗಳುಗಳಲ್ಲೇ ಸಣ್ಣ ಪ್ರಮಾಣದ ಆಸ್ಪಿರಿನ್ ಶುರು ಮಾಡಿದರೆ ಆ ಅಪಾಯ ತಗ್ಗುತ್ತದೆ. 16 ವಾರ ದಾಟುವ ಮುಂಚೆ ಶುರುವಾದರೆ ಒಳ್ಳೆಯದು. ಅಂದರೆ, ಮೊದಲ ಭೇಟಿಯಲ್ಲೇ ಕೇಳಿರಬೇಕು. 28ನೇ ವಾರಕ್ಕೆ ಕೇಳಿದರೆ ಆ ಗಾಡಿ ಹೊರಟುಹೋಗಿರುತ್ತದೆ.

ಗರ್ಭಕೋಶದ ಬಾಯಿಯ ಉದ್ದದ ಮಾತೂ ಹಾಗೆಯೇ. ಐದನೇ ತಿಂಗಳ ಸ್ಕ್ಯಾನಿಂಗ್‌ನಲ್ಲಿ ಮಗುವಿನ ಹೃದಯ, ಬೆನ್ನುಮೂಳೆ ಎಲ್ಲ ಅಳೆದರು. ಅದೇ ಸಮಯಕ್ಕೆ ಒಳಗಿನಿಂದ ನೋಡುವ ಸ್ಕ್ಯಾನ್‌ನಲ್ಲಿ ಆ ಬಾಯಿಯ ಉದ್ದ ಅಳೆಯಬಹುದು. 25 ಮಿಲಿಮೀಟರಿಗಿಂತ ಕಿರಿದಾಗಿದ್ದರೆ ಅಪಾಯ ಹೆಚ್ಚು, ಆಗ ಪ್ರೊಜೆಸ್ಟೆರಾನ್ ಎಂಬ ಹಾರ್ಮೋನಿನ ಮಾತ್ರೆಯನ್ನು ಯೋನಿಯಲ್ಲಿ ಇಡುವುದೋ, ಹಿಂದೆಯೂ ಬೇಗ ಹೆತ್ತವಳಾದರೆ ಹೊಲಿಗೆ ಹಾಕುವುದೋ ಮಾಡಬಹುದು. ಎಲ್ಲರಿಗೂ ಇದನ್ನು ಮಾಡಲು ಕೈ ಸಾಲದು ಎನ್ನುವಿರಾದರೆ ನಾನು ವಾದಿಸುವುದಿಲ್ಲ. ಹಿಂದೆ 35 ವಾರಕ್ಕೆ ಹೆತ್ತವಳಿಗಾದರೂ ಮಾಡಬಹುದಿತ್ತಲ್ಲ? ಆದರೆ ಅವಳು "ನಾರ್ಮಲ್" ಆಗಿದ್ದಳು.

ಒಂದು ಮಾತು ನಿಮ್ಮ ಪರವಾಗಿಯೂ ಹೇಳಬೇಕು. ಗೊತ್ತಿರುವುದೆಲ್ಲ ಗಟ್ಟಿ ಅಲ್ಲ. ಹಿಂದೆ ಬೇಗ ಹೆತ್ತವರಿಗೆ ವಾರಕ್ಕೊಂದು ಪ್ರೊಜೆಸ್ಟೆರಾನ್ ಬಗೆಯ ಚುಚ್ಚುಮದ್ದು ಕೊಡುವ ಔಷಧಕ್ಕೆ ಅಮೆರಿಕ 2011ರಲ್ಲಿ ಅನುಮತಿ ಕೊಟ್ಟಿತು. ಮುಂದೆ ನಡೆದ ದೊಡ್ಡ ಪರೀಕ್ಷೆಯಲ್ಲಿ ಅದರಿಂದ ಫಲ ಕಾಣದೆ 2023ರಲ್ಲಿ ಅನುಮತಿ ವಾಪಸು ಪಡೆಯಿತು. ಹನ್ನೆರಡು ವರ್ಷ ಎಷ್ಟೋ ಹೆಂಗಸರು ಅದನ್ನು ನಂಬಿ ಚುಚ್ಚಿಸಿಕೊಂಡರು. ತಪ್ಪೆಂದು ಕಂಡಾಗ ಹಿಂದೆಗೆದ ಆ ಪ್ರಾಮಾಣಿಕತೆ ನನಗೆ ಹಿಡಿಸಿತು. ಹಾಗಿದ್ದರೆ "ಮಂಚ ಬಿಟ್ಟು ಇಳಿಯಬೇಡಿ" ಎಂಬ ಸಲಹೆಯನ್ನು ಇನ್ನೂ ಯಾಕೆ ಹಿಡಿದುಕೊಂಡಿದ್ದೀರಿ? ನನ್ನ ವಾರ್ಡಿನಲ್ಲಿ ಒಬ್ಬಳನ್ನು ಏಳು ವಾರ ಮಲಗಿಸಿದ್ದರು. ಕಾಲು ಸಣಕಲಾಗಿ, ಎದ್ದರೆ ಗೋಡೆ ಹಿಡಿಯುತ್ತಿದ್ದಳು. ಹಾಗೆ ಮಲಗಿಸುವುದರಿಂದ ಅವಧಿಪೂರ್ವ ಹೆರಿಗೆ ತಪ್ಪುತ್ತದೆ ಎಂಬುದಕ್ಕೆ ಆಧಾರ ಸಿಕ್ಕಿಲ್ಲ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರ ಖಚಿತ. ಮಲಗಿಸಿದರೆ ಏನೋ ಮಾಡಿದಂತೆ ಕಾಣುತ್ತದೆ, ಅಷ್ಟೇ. ಅವಳಿಗೆ 34 ವಾರಕ್ಕೆ ಹೆರಿಗೆಯಾದಾಗ ಮನೆಯವರು ಕೇಳಿದ್ದು, "ಎಲ್ಲಾದರೂ ಎದ್ದು ಓಡಾಡಿದ್ಯಾ?"

ಫಾರಂನ ಕೊನೆಯ ಪ್ರಶ್ನೆಯನ್ನು ನಾನು ಮರೆಯಲಾರೆ. "ಮನೆಯಲ್ಲಿ ಯಾರಾದರೂ ಹೊಡೆಯೋದು ಬಡಿಯೋದು ಇದೆಯಾ?" ಗರ್ಭಿಣಿಯ ಮೇಲಿನ ಹೊಡೆತ, ತಡೆಯಲಾರದ ಮನಸ್ಸಿನ ಒತ್ತಡ ಇವೂ ಅವಧಿಪೂರ್ವ ಹೆರಿಗೆಯ ಜೊತೆ ತಳುಕು ಹಾಕಿಕೊಂಡಿವೆ, ಪ್ರಶ್ನೆ ಸರಿಯಾದದ್ದೇ. ಆದರೆ ಕೇಳುವಾಗ ನನ್ನ ಗಂಡ ಮತ್ತು ಅತ್ತೆ ಮಂಚದ ಈಚೆ ಆಚೆ ನಿಂತಿದ್ದರು. ನನಗೆ ಅಂಥ ಕಷ್ಟ ಇಲ್ಲ, ಇಲ್ಲ ಎಂದೆ. ಇದ್ದಿದ್ದರೂ ಇಲ್ಲ ಎಂದೇ ಅನ್ನುತ್ತಿದ್ದೆ. ಆ ವೈದ್ಯೆ "ಇಲ್ಲ" ಎಂಬುದಕ್ಕೆ ಗೀಟು ಹಾಕಿ ಮುಂದೆ ಹೋದರು. ಹೀಗೆ ಸೇರಿಸಿದ "ಇಲ್ಲ"ಗಳಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

ಇನ್ನು ಆರೋಗ್ಯಾಧಿಕಾರಿಗಳಲ್ಲಿ ಪ್ರತ್ಯೇಕವಾಗಿ ಒಂದೆರಡು ಮಾತು. ಕೆಲವು ಕಾರಣಗಳು ಹೆರಿಗೆ ಡಾಕ್ಟರ ಕೋಣೆಯ ಹೊರಗಿವೆ, ನಿಮ್ಮ ಮೇಜಿನ ಮೇಲಿವೆ. ತಂಬಾಕು, ಸೇದುವುದಿರಲಿ ಅಗಿಯುವುದಿರಲಿ, ಬೇರೆಯವರು ಸೇದಿದ ಹೊಗೆ, ಗಾಳಿಯ ದೂಳು ಹೊಗೆ, ಸುಡುವ ಬಿಸಿಲಿನಲ್ಲಿ ದುಡಿಮೆ, ರಾತ್ರಿ ಪಾಳಿ, ರಕ್ತಹೀನತೆ, ಇನ್ನೂ ಬೆಳೆಯುತ್ತಿರುವ ಹುಡುಗಿಯರ ಬಸುರು. ಸಾರ್ವಜನಿಕ ಜಾಗದಲ್ಲಿ ಸೇದುವುದನ್ನು ನಿಷೇಧಿಸಿದ ಕಡೆ ಅವಧಿಪೂರ್ವ ಹೆರಿಗೆಗಳು ನೂರಕ್ಕೆ ಹತ್ತರಷ್ಟು ಇಳಿದದ್ದನ್ನು ಉತ್ತರ ಅಮೆರಿಕ ಮತ್ತು ಯುರೋಪಿನ ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದ ಒಂದು ವಿಶ್ಲೇಷಣೆ 2014ರಲ್ಲಿ ಗುರುತಿಸಿತು. ಗರ್ಭಿಣಿ ಬೀಡಿ ಸಿಗರೇಟು ಬಿಡಬೇಕು ಎಂದು ಗೋಡೆಗೆ ಚಿತ್ರ ಅಂಟಿಸುತ್ತೀರಿ. ಅವಳ ಪಕ್ಕದಲ್ಲಿ ಕೂತು ಸೇದುವವನಿಗೆ ಏನು ಅಂಟಿಸಿದ್ದೀರಿ? ನಿಂತು ಮಾಡುವ ಕೆಲಸದವಳಿಗೆ ಒಂದು ಕುರ್ಚಿ ಕೊಡಿಸಲು ಧಣಿಗೆ ತೋರಿಸುವಂಥ ಒಂದು ಚೀಟಿಯನ್ನು ನಿಮ್ಮ ಯಾವ ತಪಾಸಣೆಯೂ ಕೊಡುವುದಿಲ್ಲ.

ವೈದ್ಯರ ಕೈಯಿಂದಲೇ ಬರುವ ಇನ್ನೊಂದು ಕಾರಣವನ್ನು ಹೇಳದೆ ಬಿಟ್ಟರೆ ಈ ಪತ್ರ ಅರ್ಧಂಬರ್ಧವಾಗುತ್ತದೆ. ಯಾವ ತೊಂದರೆಯೂ ಇಲ್ಲದೆ, ಅನುಕೂಲದ ದಿನ ನೋಡಿ ಹೆರಿಗೆ ಮಾಡಿಸುವುದು. ಆರಂಭದ ಸ್ಕ್ಯಾನ್ ಇಲ್ಲದೆ, ಕೊನೆಯ ಮುಟ್ಟಿನ ದಿನವನ್ನು ಅಂದಾಜಿನಲ್ಲಿ ಹೇಳಿಸಿ ವಾರ ಎಣಿಸಿದರೆ, ಪುಸ್ತಕದಲ್ಲಿ 38 ಎಂದಿರುವುದು ನಿಜದಲ್ಲಿ 35 ಆಗಿರಬಹುದು. ಎನ್‌ಐಸಿಯುವಿನಲ್ಲಿ ನನ್ನ ಮಗಳ ಪಕ್ಕದ ಪೆಟ್ಟಿಗೆಗೆ ಅಂಥ ಒಂದು ಮಗು ಬಂದಿತ್ತು. "ದಿನ ತುಂಬಿದೆ" ಎಂದು ಸಿಸೇರಿಯನ್ ಮಾಡಿದ್ದರು. ಆ ಮಗುವಿನ ಬೆನ್ನಿನ ತುಂಬ ಎಳೆಯ ರೋಮ, ಅಂಗಾಲಿನಲ್ಲಿ ಗೆರೆಗಳೇ ಸರಿಯಾಗಿ ಮೂಡಿರಲಿಲ್ಲ. ಅಂಗಾಲು ನೋಡಿದ ಸಿಸ್ಟರ್ ಏನೂ ಮಾತನಾಡದೆ ವಾರದ ಅಂಕಿಯನ್ನು ತಿದ್ದಿ ಬರೆದರು.

ನನ್ನ ಕೋರಿಕೆಗಳು ದೊಡ್ಡವಲ್ಲ, ಯಂತ್ರ ಬೇಡುವಂಥವೂ ಅಲ್ಲ. "ಹಿಂದಿನ ಹೆರಿಗೆ" ಎಂಬ ಕಲಂನಲ್ಲಿ ವಾರವನ್ನೂ ಬರೆಯಲು ಜಾಗ ಮಾಡಿ, ಅದು ಮೊದಲು ಆಗಲಿ. ವಾರ ಸರಿಯಾಗಿ ಗೊತ್ತಾಗುವಂತೆ ಮೊದಲ ಸ್ಕ್ಯಾನ್ ಬೇಗ ಆಗಲಿ. ಆ ಫಾರಂನ ಪ್ರಶ್ನೆಗಳನ್ನು ಮೊದಲ ಭೇಟಿಯಲ್ಲಿ ಕೇಳಿ, ಹೊಡೆತದ ಪ್ರಶ್ನೆಯನ್ನು ಮನೆಯವರನ್ನು ಹೊರಗೆ ಕಳಿಸಿ ಕೇಳಿ. ಮೂತ್ರದ ಕಲ್ಚರ್ ಒಮ್ಮೆಯಾದರೂ ಆಗಲಿ. ಐದನೇ ತಿಂಗಳು ದಾಟಿದ ಪ್ರತಿಯೊಬ್ಬಳಿಗೂ ಅವಳ ಭಾಷೆಯಲ್ಲಿ ಬಾಯಿಬಿಟ್ಟು ಹೇಳಿ: ಹೊಟ್ಟೆ ಮತ್ತೆ ಮತ್ತೆ ಗಟ್ಟಿಯಾಗಿ ಸಡಿಲವಾಗುತ್ತಿದ್ದರೆ, ನೋವಿಲ್ಲದಿದ್ದರೂ ಸರಿ; ಸೊಂಟದ ಕೆಳಗೆ ಬಂದು ಹೋಗುವ ಮಂದ ನೋವಿದ್ದರೆ; ಮಗು ಕೆಳಗೆ ಒತ್ತಿದಂತಾದರೆ; ಬಿಳಿ ಸೆರಗು ನೀರಿನಂತಾದರೆ, ರಕ್ತ ಕಂಡರೆ; ಹನಿಹನಿ ಒದ್ದೆಯಾಗುತ್ತಿದ್ದರೆ, ತಪಾಸಣೆಯ ದಿನ ಕಾಯಬೇಡಿ, ನಡುರಾತ್ರಿಯಾದರೂ ಬನ್ನಿ. ಬಂದವಳಿಗೆ ಏನೂ ಇಲ್ಲ ಎಂದು ಕಂಡರೆ ಗದರಿ ಕಳಿಸಬೇಡಿ. ಗದರಿಸಿಕೊಂಡವಳು ಎರಡನೇ ಸಲ ಬರುವುದಿಲ್ಲ. ಬೇಗ ಹೆರಿಗೆಯಾದಾಗ ಮಾಸನ್ನು ಪರೀಕ್ಷೆಗೆ ಕಳಿಸಿ. ಮನೆಗೆ ಹೋಗುವ ಮುಂಚೆ ಅವಳನ್ನೂ ಮನೆಯವರನ್ನೂ ಕೂರಿಸಿಕೊಂಡು ತಿಳಿದದ್ದು ಏನು, ತಿಳಿಯದ್ದು ಏನು, ಮುಂದಿನ ಸಲ ಏನು ಮಾಡಬೇಕು ಎಂದು ಹೇಳಿ.

ಇಷ್ಟಕ್ಕೆಲ್ಲ ಸಮಯ ಎಲ್ಲಿದೆ ಎನ್ನುವಿರಿ. ಆ ಕಿರಿಯ ವೈದ್ಯೆ ನನ್ನ ಮಂಚದ ಪಕ್ಕ ಫಾರಂ ತುಂಬಿದ್ದನ್ನು ನಾನು ಗೋಡೆಯ ಗಡಿಯಾರದಲ್ಲಿ ನೋಡಿದ್ದೆ. ಹನ್ನೊಂದು ನಿಮಿಷ.

ನನ್ನ ಸ್ವಂತದ್ದು ಎಂದು ಒಂದೇ ಬೇಡಿಕೆ. ಡಿಸ್ಚಾರ್ಜ್ ಚೀಟಿಯಲ್ಲಿ "ಕಾರಣ ತಿಳಿದಿಲ್ಲ" ಎಂಬುದನ್ನು ಹೊಡೆದು ಹಾಕಿ, "30 ವಾರಕ್ಕೆ ನೀರು ಮೊದಲೇ ಹೋಗಿತ್ತು. ಹಿಂದಿನ ಹೆರಿಗೆ 35 ವಾರಕ್ಕೆ. ಅದಾದ ಐದು ತಿಂಗಳಿಗೆ ಮತ್ತೆ ಗರ್ಭ ನಿಂತಿತ್ತು. ಮೂತ್ರದ ಕಲ್ಚರ್ ಆಗಿಲ್ಲ, ಮಾಸಿನ ಪರೀಕ್ಷೆ ಆಗಿಲ್ಲ" ಎಂದು ಬರೆದುಕೊಡಿ. ನನ್ನ ಮಗಳಿಗೆ ಈಗ ಎರಡು ವರ್ಷ, ಗಾಜಿನ ಪೆಟ್ಟಿಗೆಯ ಕುರುಹು ಎಂದರೆ ಅಂಗೈಯ ಹಿಂದಿನ ಸೂಜಿಯ ಚುಕ್ಕೆಗಳಷ್ಟೇ. ಆದರೆ ಬೇಗ ಹುಟ್ಟಿದವಳು ಮುಂದೆ ತಾನು ಹೆರುವಾಗಲೂ ಬೇಗ ಹೆರುವ ಸಂಭವ ಸ್ವಲ್ಪ ಹೆಚ್ಚಂತೆ. ಅವಳನ್ನು ಯಾರಾದರೂ ಕೇಳಿದ ದಿನ ತೋರಿಸಲು ಅವಳ ಬಳಿ ಒಂದು ಕಾಗದವಾದರೂ ಇರಲಿ.

ಆ ಫಾರಂನ ನಕಲನ್ನು ಈ ಪತ್ರದ ಜೊತೆಗಿಟ್ಟಿದ್ದೇನೆ. ಪ್ರಶ್ನೆಗಳನ್ನು ಯಾರೋ ತಿಳಿದವರು ಬರೆದಿದ್ದಾರೆ, ಒಂದನ್ನೂ ಬದಲಿಸಬೇಕಿಲ್ಲ. ಮೇಲಿನ ಬಲಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ "ಹೆರಿಗೆಯ ನಂತರ ಭರ್ತಿ ಮಾಡತಕ್ಕದ್ದು" ಎಂದು ಅಚ್ಚಾಗಿದೆ. ಆ ಒಂದು ಸಾಲನ್ನು ತಿದ್ದಿ ಮತ್ತೆ ಅಚ್ಚು ಹಾಕಿಸಿ.

ಇಂತಿ ತಮ್ಮ ವಿಶ್ವಾಸಿ,
30 ವಾರ 4 ದಿನಕ್ಕೆ ಹೆತ್ತ ಒಬ್ಬ ತಾಯಿ